ಚೌಕಟ್ಟಿನೊಳಗೆ ನಮ್ಮಪ್ಪ

ಬೆಚ್ಚಿಬೀಳುವುದರಲ್ಲಿ ನನಗೆ ಹುಟ್ಟಿನಿಂದಲೇ ಒಂದು ಪ್ರತಿಭೆ ಇದೆ ಎಂದು ಒಪ್ಪಿಕೊಂಡೇ ಈ ಸಂಗತಿ ಹೇಳಬೇಕು. ಬೇರೆಯವರು ಹುಬ್ಬೇರಿಸುವ ಕಡೆ ನಾನು ಎದ್ದು ನಿಂತಿರುತ್ತೇನೆ. ಬೇರೆಯವರು ಎದ್ದು ನಿಲ್ಲುವ ಕಡೆ ನನಗೆ ಯಾರಾದರೂ ನೀರು ತಂದುಕೊಡಬೇಕಾಗುತ್ತದೆ. ಕಾಲೇಜಿನ ದಿನಗಳಲ್ಲಿ ಗಾಂಧಿನಗರದ ಮೂಲಕ ನಡೆದು ಹೋಗಬೇಕಾದರೆ ಗೋಡೆಗಳ ಮೇಲಿನ ಬೆಳಗಿನ ಆಟದ ಪೋಸ್ಟರುಗಳು ಕಣ್ಣಿಗೆ ಬೀಳಬಾರದೆಂದು ತಲೆ ತಗ್ಗಿಸಿಕೊಂಡೇ ನಡೆಯುತ್ತಿದ್ದೆ. ಒಂದು ದಿನ ಹಾಗೆ ನಡೆದು ನಡೆದು ಪೋಸ್ಟರು ಅಂಟಿಸುವವನ ಮೈದಾ ಗೋಂದಿನ ಬಕೆಟ್ಟಿನೊಳಕ್ಕೇ ಕಾಲಿಟ್ಟೆ. "ನೋಡ್ಕೊಂಡ್ ನಡೀರಿ ಸಾರ್" ಎಂದು ಅವನು ಗದರಿದ. ನೋಡಬಾರದೆಂದು ಹೊರಟಿದ್ದಕ್ಕೇ ಹೀಗಾಯಿತು ಎಂದು ಅವನಿಗೆ ಹೇಗೆ ವಿವರಿಸಲಿ? ಗೋಂದು ಮೆತ್ತಿದ ಒಂದು ಕಾಲನ್ನು ಎಳೆದುಕೊಂಡು, ಆ ಪೋಸ್ಟರಿನ ಹೆಂಗಸಿಗಿಂತ ಹೆಚ್ಚು ಜನರ ಕಣ್ಣಿಗೆ ಬಿದ್ದು, ಮನೆ ಸೇರಿದೆ.

ಹಾಗೆಂದು ನಮ್ಮ ಮನೆಯಲ್ಲಿ ಎಲ್ಲರೂ ಮೈತುಂಬ ಹೊದ್ದುಕೊಂಡು ಓಡಾಡುತ್ತಿದ್ದರೆಂದು ಭಾವಿಸಬೇಡಿ. ಮಲ್ಲೇಶ್ವರದ ನಮ್ಮ ಕ್ರಾಸಿನಲ್ಲಿ ಬೆಳಿಗ್ಗೆ ಎಂಟು ಗಂಟೆಯೊಳಗೆ ಷರಟು ತೊಟ್ಟ ಗಂಡಸು ಕಂಡರೆ ಅವನು ಪೇಪರು ಹಾಕುವವನೇ. ಉಳಿದವರೆಲ್ಲ ಒಂದು ಒದ್ದೆ ಟವೆಲಿನ ಧೈರ್ಯದ ಮೇಲೆ ತುಳಸಿಗೆ ನೀರು ಹಾಕುತ್ತಿದ್ದರು, ಕಾಂಪೌಂಡಿನಾಚೆಯ ಹೆಂಗಸರ ಹತ್ತಿರ ಕೊತ್ತಂಬರಿ ಸೊಪ್ಪಿನ ಬೆಲೆ ವಿಚಾರಿಸುತ್ತಿದ್ದರು. ನನ್ನದೇ ಆರು ತಿಂಗಳಿನ ಫೋಟೋ ಒಂದು ನಡುಮನೆಯ ಗೋಡೆಯಲ್ಲಿದೆ. ಅದರಲ್ಲಿ ಸೊಂಟದ ಉಡಿದಾರ ಬಿಟ್ಟರೆ ನನ್ನ ಮೈಮೇಲೆ ಮತ್ತೇನೂ ಇಲ್ಲ. ನನ್ನ ಹೆಂಡತಿ ನಳಿನಿಯ ತೌರಿನವರು ಮೊದಲ ಸಲ ಮನೆಗೆ ಬಂದಾಗ ವರನ ಬದಲು ಅದನ್ನೇ ಬಹಳ ಹೊತ್ತು ನೋಡಿದರು. ಯಾರೂ ಬೆಚ್ಚಲಿಲ್ಲ. ಮೈ ಕಾಣುವುದೇ ಬೇರೆ, ಮೈ ತೋರಿಸುವುದೇ ಬೇರೆ ಎಂದು ನಾನು ನಂಬಿಕೊಂಡಿದ್ದೆ. ಎರಡಕ್ಕೂ ಏನು ವ್ಯತ್ಯಾಸ ಎಂದು ಯಾರೂ ಕೇಳಿರಲಿಲ್ಲವಾದ್ದರಿಂದ ನಂಬಿಕೆ ಗಟ್ಟಿಯಾಗಿಯೇ ಇತ್ತು.

ಈಗ ಅಪ್ಪನ ವಿಷಯಕ್ಕೆ ಬರುತ್ತೇನೆ. ಅಪ್ಪ ಚಾಮರಾಜಪೇಟೆಯ ಒಂದು ಹೈಸ್ಕೂಲಿನಲ್ಲಿ ಮೂವತ್ತಾರು ವರ್ಷ ಡ್ರಿಲ್ ಮೇಷ್ಟರಾಗಿದ್ದವರು. ಮೂವತ್ತಾರು ವರ್ಷವೂ ಬಿಸಿಲಿನಲ್ಲಿ ನಿಂತು, ಸಾಲಾಗಿ ನಿಂತ ಹುಡುಗರಿಗೆ "ಅಲುಗಾಡ್ಬೇಡ" ಎಂದು ಹೇಳುವುದೇ ಅವರ ಕೆಲಸ. ನಾನು ಹೇಳುತ್ತಿರುವುದು ತೊಂಬತ್ತರ ದಶಕದ ಕೊನೆಯ ಮಾತು. ಆಗ ಅವರಿಗೆ ಎಪ್ಪತ್ತೆರಡು ತುಂಬಿತ್ತು. ತೆಳ್ಳಗೆ, ನೆಟ್ಟಗೆ, ಬಿದಿರಿನ ಗಳುವಿನ ಹಾಗಿದ್ದರು. ಹಾಲಿನ ಬೂತಿನ ಮುಂದೆ ಅವರು ನಿಂತರೆ ಹಿಂದಿದ್ದವರು ತಾವಾಗಿಯೇ ಕ್ಯೂ ಸರಿಮಾಡಿಕೊಳ್ಳುತ್ತಿದ್ದರು. ಪ್ರತಿ ಶನಿವಾರ ಮಧ್ಯಾಹ್ನ ಊಟವಾದ ಮೇಲೆ ಒಂದು ಬಟ್ಟೆಯ ಚೀಲ ಹಿಡಿದು ಬಸ್ಸು ಹತ್ತಿ ಚಾಮರಾಜಪೇಟೆಗೆ ಹೋಗುತ್ತಿದ್ದರು. ಚೀಲದಲ್ಲಿ ಅಮ್ಮ ಮಡಿಸಿಟ್ಟ ಒಂದು ಪಂಚೆ, ಒಂದು ಫ್ಲಾಸ್ಕು ಕಾಫಿ. ಎಲ್ಲಿಗೆ ಎಂದರೆ ಪ್ರವಚನಕ್ಕೆ. ಒಮ್ಮೆ ನಾನು ಸೌಜನ್ಯಕ್ಕೆಂದು "ಯಾವ ಭಾಗ ನಡೀತಿದೆ?" ಎಂದು ಕೇಳಿದ್ದೆ. "ಸ್ಥಿತಪ್ರಜ್ಞನ ಲಕ್ಷಣ" ಅಂದರು. ಆರು ತಿಂಗಳು ಬಿಟ್ಟು ಕೇಳಿದಾಗಲೂ ಸ್ಥಿತಪ್ರಜ್ಞನ ಲಕ್ಷಣವೇ ನಡೆಯುತ್ತಿತ್ತು. ಬಹಳ ಆಳವಾಗಿ ಹೋಗುವ ಪಂಡಿತರಿರಬೇಕು ಎಂದುಕೊಂಡು ಸುಮ್ಮನಾದೆ.

ನಾನು ಆಗ ಒಂದು ವಿಮಾ ಕಚೇರಿಯಲ್ಲಿದ್ದೆ. ನನ್ನ ಎದುರಿನ ಮೇಜಿನ ನಾಗಭೂಷಣ ಅವರ ಮಗಳು ಅಂಬಿಕಾ ಚಾಮರಾಜಪೇಟೆಯಲ್ಲೇ, ಒಂದು ಹಳೆಯ ಬಂಗಲೆಯಲ್ಲಿ ನಡೆಯುತ್ತಿದ್ದ ಚಿತ್ರಕಲಾ ಶಾಲೆಯಲ್ಲಿ ಕೊನೆಯ ವರ್ಷದ ವಿದ್ಯಾರ್ಥಿನಿ. ಆ ಜನವರಿಯಲ್ಲಿ ಶಾಲೆಯ ವಾರ್ಷಿಕ ಪ್ರದರ್ಶನಕ್ಕೆ ನಾಗಭೂಷಣ ನಮ್ಮನ್ನೆಲ್ಲ ಕರೆದರು. ಒಂದು ಭಾನುವಾರ ಬೆಳಿಗ್ಗೆ ಮ್ಯಾನೇಜರೂ ಸೇರಿ ಏಳೆಂಟು ಜನ ಹೋದೆವು. ಬಾಗಿಲಲ್ಲೇ ನಾಗಭೂಷಣ ನನ್ನ ತೋಳು ಹಿಡಿದು ಪಕ್ಕಕ್ಕೆ ಕರೆದರು.

"ಸಾರ್, ನಮ್ ಹುಡುಗೀದಕ್ಕೆ ಮೊದಲ್ನೇ ಬಹುಮಾನ ಬಂದಿದೆ. ಆದ್ರೆ ಒಂದ್ ವಿಷ್ಯ... ಹೆಂಗ್ ಹೇಳ್ಲಿ... ಚಿತ್ರದಲ್ಲಿರೋರಿಗೆ ಬಟ್ಟೆ ಇಲ್ಲ. ನಾನೂ ಮನೇಲಿ ಭಾರೀ ಗಲಾಟೆ ಮಾಡ್ದೆ. ಆಮೇಲೆ ಬಹುಮಾನ ಬಂತು, ಸುಮ್ನಾದೆ."

ನಾನು ತಕ್ಷಣ ಒಂದು ಮುಖ ಸಿದ್ಧಮಾಡಿಕೊಂಡೆ. ತಲೆ ಒಂದು ಕಡೆ ವಾಲಿಸಿ, ಕಣ್ಣು ಅರ್ಧ ಮುಚ್ಚಿ, ತುಟಿಯನ್ನು ಒಳಗೆಳೆದುಕೊಂಡರೆ ಕಲೆ ಬಲ್ಲವನ ಮುಖವಾಗುತ್ತದೆ. ಅದನ್ನು ಹೊತ್ತುಕೊಂಡು ಒಳಗಿನ ಹಾಲಿಗೆ ಹೋದೆ. ಎದುರು ಗೋಡೆಯ ಮೇಲೆ ಆಳೆತ್ತರದ ಚಿತ್ರ. ಮರ್ಯಾದೆಯಿಂದ ಕೆಳಗಿನಿಂದ ಶುರುಮಾಡೋಣವೆಂದು ಮೊದಲು ಪಾದ ನೋಡಿದೆ. ಎಡಗಾಲಿನ ಎರಡನೆಯ ಬೆರಳು ಹೆಬ್ಬೆರಳಿಗಿಂತ ಉದ್ದ. ಎಲ್ಲೋ ನೋಡಿದ ಹಾಗಿದೆಯಲ್ಲ ಅನ್ನಿಸಿತು. ಹಬ್ಬಹುಣ್ಣಿಮೆಗೆ ನಾನು ಬಗ್ಗಿ ಮುಟ್ಟುವ ಪಾದಗಳು. ಮಂಡಿಯಲ್ಲಿ ಸೈಕಲಿಂದ ಬಿದ್ದ ಗಾಯದ ಗುರುತು. ಅಲ್ಲಿಂದ ನನ್ನ ಕಣ್ಣು ನೇರವಾಗಿ ಎದೆಗೆ ಹಾರಿತು. ಚಿತ್ರದ ನಡುಭಾಗವನ್ನು ನಾನು ನೋಡಲಿಲ್ಲ. ನೋಡಲಿಲ್ಲವೆಂದು ಈಗಲೂ ಹೇಳುತ್ತೇನೆ. ಎದೆಯ ಮೇಲೆ ಒಂದು ಮಾಸಿದ ಜನಿವಾರ, ಮೈಮೇಲೆ ಇದ್ದದ್ದು ಅದೊಂದೇ. ಅದರ ಮೇಲೆ ಕತ್ತು, ಕತ್ತಿನ ಮೇಲೆ, ಬೇರೆ ಯಾರದಾದರೂ ಆಗಿರಲಪ್ಪಾ ಎಂದು ನಾನು ಬೇಡಿಕೊಳ್ಳುತ್ತಿದ್ದ ಹಾಗೆಯೇ, ನಮ್ಮಪ್ಪನ ಮುಖ. ಕೆಳಗೆ ಚಿಕ್ಕ ಚೀಟಿಯಲ್ಲಿ ಹೆಸರು: 'ಮೇಷ್ಟ್ರು'.

"ಸ್ಟ್ರೋಕ್ ಹೇಗಿದೆ ಸಾರ್?" ಎಂದು ನಾಗಭೂಷಣ ಕೇಳಿದರು. ನನಗೆ ಹೊಡೆದದ್ದು ಇವರಿಗೆ ಹೇಗೆ ಗೊತ್ತಾಯಿತೆಂದು ಗಾಬರಿಯಾಯಿತು. ಅವರು ಕುಂಚದ ವಿಷಯ ಕೇಳುತ್ತಿದ್ದರು. "ಚೆನ್ನಾಗಿದೆ" ಅಂದೆ. ಬೇರೆ ಯಾರದೋ ಗಂಟಲಿನಿಂದ ಬಂದಂತಿತ್ತು.

ಅಷ್ಟರಲ್ಲಿ ಮ್ಯಾನೇಜರು ಹತ್ತಿರ ಬಂದು ಕನ್ನಡಕ ಏರಿಸಿ ನೋಡಿದರು. "ಯಾರೋ ಪಾಪ, ಒಳ್ಳೇ ಮನೆತನದೋರ ಥರ ಕಾಣ್ತಾರೆ. ನೋಡ್ರಿ, ಮೂಗು ಇವ್ರದರ ಹಾಗೇ ಇದೆ!" ಎಂದು ನನ್ನನ್ನು ತೋರಿಸಿದರು. ಎಲ್ಲರೂ ಚಿತ್ರ ಬಿಟ್ಟು ನನ್ನ ಮೂಗು ನೋಡಿದರು. ನಾನು ಕರ್ಚೀಫು ತೆಗೆದು ಸೀನಿದೆ. ಬರದ ಸೀನು. ಆಮೇಲೆ ಅಲ್ಲಿಂದ ಹೊರಡುವವರೆಗೂ ಕರ್ಚೀಫನ್ನು ಮೂಗಿನಿಂದ ಕೆಳಗಿಳಿಸಲಿಲ್ಲ. ಶ್ರವಣಬೆಳಗೊಳದ ಬೆಟ್ಟವನ್ನು ಮೂರು ಸಲ ಹತ್ತಿ ಕೈಮುಗಿದು ಬಂದವನು ನಾನು, ಅಷ್ಟು ಸಂಸ್ಕಾರ ನನಗೂ ಇದೆ. ಆದರೆ ಗೊಮ್ಮಟ ನಮ್ಮಪ್ಪನಲ್ಲವಲ್ಲ!

ಮನೆಗೆ ಬಂದಾಗ ಅಪ್ಪ ಅಮ್ಮ ಇಬ್ಬರೂ ವರಾಂಡದಲ್ಲಿ ಕೂತು, ನೆನೆಹಾಕಿದ ಅವರೆಕಾಳು ಹಿತುಕುತ್ತಿದ್ದರು. ಜಗತ್ತಿನಲ್ಲಿ ಏನೂ ನಡೆದಿಲ್ಲವೆಂಬ ಹಾಗೆ ಸಿಪ್ಪೆ ಒಂದು ಕಡೆ, ಬೇಳೆ ಒಂದು ಕಡೆ ಬೀಳುತ್ತಿತ್ತು.

"ಅಪ್ಪ, ಶನಿವಾರ ಶನಿವಾರ ಎಲ್ಲಿಗೆ ಹೋಗ್ತೀರಿ?"

"ಪ್ರವಚನಕ್ಕೆ."

"ಬಟ್ಟೆ ಬಿಚ್ಚಿ ಕೇಳೋ ಪ್ರವಚನ ಯಾವ್ದು?"

ಒಳಗೆ ನಳಿನಿ ಕೈಯಿಂದ ಯಾವುದೋ ಮುಚ್ಚಳ ಬಿದ್ದು ಬಹಳ ಹೊತ್ತು ತಿರುಗಿ ನಿಂತಿತು. ಅಮ್ಮನ ಕೈ ಮಾತ್ರ ನಿಲ್ಲಲಿಲ್ಲ. ಅದನ್ನು ನಾನು ಆಗಲೇ ಗಮನಿಸಬೇಕಿತ್ತು. ಅಪ್ಪ ಒಂದು ಕಾಳನ್ನು ಹಿತುಕಿ ಬಟ್ಟಲಿಗೆ ಹಾಕಿ, "ನೋಡಿದ್ಯಾ? ಚೆನ್ನಾಗ್ ಬಂದಿದ್ಯಾ?" ಎಂದು ಕೇಳಿದರು. ಪಾಸಾಯಿತೇ ಎಂದು ಫಲಿತಾಂಶ ಕೇಳುವ ಹುಡುಗನ ಧ್ವನಿ.

ಆಮೇಲೆ ಅವರೇ ಎಲ್ಲ ಹೇಳಿದರು. ಹಿಂದಿನ ವರ್ಷ ಆ ಶಾಲೆಯಲ್ಲಿ ಮನುಷ್ಯರನ್ನು ಬತ್ತಲೆ ನಿಲ್ಲಿಸಿ ಚಿತ್ರ ಬರೆಸುತ್ತಾರೆಂದು ಸುದ್ದಿ ಹಬ್ಬಿ, ಚಾಮರಾಜಪೇಟೆಯ ನಾಲ್ಕೈದು ಹಿರಿಯರು ಪ್ರತಿಭಟನೆ ಮಾಡಲು ಹೊರಟರಂತೆ. ಮೇಷ್ಟರು ಜೊತೆಗಿದ್ದರೆ ತೂಕವೆಂದು ಇವರನ್ನೂ ಕರೆದರಂತೆ. ಎಲ್ಲರೂ ಸೀದಾ ತರಗತಿಗೇ ನುಗ್ಗಿದ್ದಾರೆ. ಅಲ್ಲಿ ಕಟ್ಟೆಯ ಮೇಲೆ ಕೂಲಿಯವನೊಬ್ಬ ಒಂದು ಕಾಲಿನ ಮೇಲೆ ಭಾರ ಬಿಟ್ಟು, ಬೆನ್ನು ಗೂನು ಮಾಡಿ, ತೂಕಡಿಸುತ್ತ ನಿಂತಿದ್ದಾನೆ.

"ಉಳಿದೋರೆಲ್ಲ ಅವ್ನಿಗೆ ಬಟ್ಟೆ ಇಲ್ಲ ಅಂತ ಕೂಗಾಡಿದ್ರು" ಎಂದರು ಅಪ್ಪ. "ನಂಗೆ ಅವ್ನು ನಿಂತಿರೋ ರೀತಿ ನೋಡಿ ತಡ್ಕೊಳಕ್ಕಾಗ್ಲಿಲ್ಲ. 'ಬೆನ್ನು ನೆಟ್ಟಗೆ! ಹಿಮ್ಮಡಿ ಕೂಡ್ಸು!' ಅಂದೆ. ಅವನ್ಗೆ ಬರ್ಲಿಲ್ಲ. ಹತ್ತಿ ನಿಂತು ತೋರಿಸ್ದೆ. ಮುಕ್ಕಾಲು ಗಂಟೆ ನಿಂತೆ ಕಣೋ, ರೆಪ್ಪೆ ಬಿಟ್ರೆ ಏನೂ ಅಲ್ಲಾಡ್ಲಿಲ್ಲ. ಅಲ್ಲಿ ಪಾಠ ಹೇಳೋ ಮೇಷ್ಟ್ರು ಬಂದು ಕೈ ಹಿಡ್ಕೊಂಡ್ಬಿಟ್ರು."

"ಉಟ್ಟ ಬಟ್ಟೇಲಿ ತಾನೆ ನಿಂತಿದ್ದು?"

"ಅವತ್ತು ಬಟ್ಟೇಲೇ. ಆಮೇಲೆ ಕೌಪೀನ ಕಟ್ಕೊಂಡು. ಸೊಂಟದ ಮೂಳೆ ಗೆರೆ ಅಲ್ಲಿ ಕಡಿದ್ಹೋಗತ್ತೆ, ಮಕ್ಕಳಿಗೆ ಗೊತ್ತಾಗಲ್ಲ ಅಂದ್ರು. ಕಲಿಯೋ ಮಕ್ಕಳಿಗೆ ತೊಂದ್ರೆ ಯಾಕೆ?"

"ಹುಡುಗೀರೂ ಇದಾರಾ?" ನನ್ನ ಧ್ವನಿ ಕೀರಲಾಗಿತ್ತು.

"ಹದಿನೆಂಟು ಜನರಲ್ಲಿ ಹನ್ನೊಂದು ಹುಡುಗೀರು. ಅವರೇ ಚೆನ್ನಾಗಿ ಬರೀತಾರೆ. ಹುಡುಗ್ರಿಗೆ ಕೈ ಓಡಲ್ಲ."

ಇಷ್ಟು ನೇರವಾಗಿ ಉತ್ತರ ಬರುತ್ತಿದ್ದರೆ ಜಗಳವಾಡುವುದು ಕಷ್ಟ. ಆದರೂ ಬಿಡಲಿಲ್ಲ. ಎಪ್ಪತ್ತೆರಡು ವರ್ಷ, ವಂಶ, ಮನೆತನ, ಸುಳ್ಳು ಹೇಳಿದ್ದು, ನಾಳೆ ಆಫೀಸಿನಲ್ಲಿ ಯಾರಿಗಾದರೂ ಗೊತ್ತಾದರೆ ನಾನು ತಲೆಯೆತ್ತಿ ನಡೆಯುವುದು ಹೇಗೆ ಎಂದು ಒಂದರ ಮೇಲೊಂದು ಹೇಳುತ್ತಲೇ ಹೋದೆ. ಕೊನೆಗೆ, ಹೇಳಬಾರದ ಮಾತೊಂದು ಬಾಯಿಂದ ಬಂತು. "ನನ್ನ ಮಾನ ಕಳೆದ್ರಿ."

ಅಪ್ಪ ಮಡಿಲಲ್ಲಿದ್ದ ಸಿಪ್ಪೆಯನ್ನು ಮೊರಕ್ಕೆ ಕೊಡವಿ ಎದ್ದು ನಿಂತರು. "ಆಯ್ತು. ಇನ್ಮೇಲೆ ಹೋಗಲ್ಲ" ಎಂದು ಹೇಳಿ ಒಳಗೆ ಹೋದರು. ಜಗಳ ಗೆದ್ದವನಿಗೆ ಸಂತೋಷವಾಗಬೇಕಿತ್ತು. ನಾನು ಕೂತು ಉಳಿದ ಅವರೆಕಾಳು ಹಿತುಕಿದೆ.

ಆ ರಾತ್ರಿ ಊಟಕ್ಕೆ ಬಡಿಸುವಾಗ ನಳಿನಿ ಮಾವನವರ ಕಡೆ ತಲೆಯೆತ್ತದೆ ಬಡಿಸಿ, ಹುಳಿಯನ್ನು ಅವರ ನೀರಿನ ಲೋಟಕ್ಕೆ ಹಾಕಿದಳು. ಅಡುಗೆಮನೆಗೆ ಹೋಗಿ ಸೆರಗು ಬಾಯಿಗೆ ತುರುಕಿಕೊಂಡು ಅಲುಗಾಡುತ್ತಿದ್ದಳು. ಅಳುತ್ತಿದ್ದಾಳೆಂದು ಸಮಾಧಾನ ಮಾಡಲು ಹೋದೆ. ನಗುತ್ತಿದ್ದಳು. "ಅಲ್ಲಾರೀ, ನೀವು ಟೆರೇಸಿನಲ್ಲಿ ಬನಿಯನ್ ಒಣಗಾಕಕ್ಕೂ ನಾಚ್ಕೋತೀರಿ. ಅವರಿಗೆ ನೀವು ಹೇಗ್ ಹುಟ್ಟಿದ್ರೀ?" ಅಂದಳು.

ಮಂಗಳವಾರ ಅಮ್ಮ ನನ್ನ ಆಫೀಸಿಗೆ ಫೋನು ಮಾಡಿ, ಸಂಜೆ ಬೇಗ ಬಂದು ತನ್ನನ್ನು ಆ ಪ್ರದರ್ಶನಕ್ಕೆ ಕರೆದುಕೊಂಡು ಹೋಗಬೇಕೆಂದಳು. ಬೇಡವೆಂದರೆ ಒಬ್ಬಳೇ ಬಸ್ಸಿನಲ್ಲಿ ಹೋಗುವವಳು. ಆಟೋ ಹತ್ತಿಸಿಕೊಂಡು ಹೋದೆ. ದಾರಿಯಲ್ಲಿ ತಿಳಿದದ್ದೇನೆಂದರೆ, ಅಮ್ಮನಿಗೆ ಮೊದಲ ದಿನದಿಂದಲೇ ಎಲ್ಲ ಗೊತ್ತಿತ್ತು. ಬಿಡುವಿನಲ್ಲಿ ಸುತ್ತಿಕೊಳ್ಳಲೆಂದೇ ಆ ಪಂಚೆ, ಚಳಿಯಾಗದಿರಲೆಂದು ಆ ಕಾಫಿ. ಪ್ರವಚನವೆಂಬ ಹೆಸರಿಟ್ಟವಳೂ ಅವಳೇ. "ನೀನು ಬೆಚ್ಚಿಬೀಳ್ತೀಯ ಅಂತ" ಎಂದಳು, ನನಗೆ ಜ್ವರ ಬರುತ್ತದೆ ಅನ್ನುವ ಹಾಗೆ.

ಹಾಲಿನಲ್ಲಿ ಕಾವಲಿನವನೊಬ್ಬನನ್ನು ಬಿಟ್ಟರೆ ಯಾರೂ ಇರಲಿಲ್ಲ. ಅಮ್ಮ ಚಿತ್ರದ ಮುಂದೆ ನಿಂತು ಕನ್ನಡಕ ಒರೆಸಿ ಹಾಕಿಕೊಂಡಳು. ನಾನು ಪಕ್ಕದ ಹೂದಾನಿಯ ಚಿತ್ರವನ್ನು ಬಹಳ ಆಸಕ್ತಿಯಿಂದ ನೋಡತೊಡಗಿದೆ. ಎಂಥ ಹೂವೆಂದು ಈಗಲೂ ಬೇಕಾದರೆ ಹೇಳಬಲ್ಲೆ.

"ಜನಿವಾರ ಮಾಸಿದೆ. ಬದಲಾಯ್ಸಿ ಅಂತ ಬಡ್ಕೊಂಡೆ" ಅಂದಳು ಮೊದಲು. ಇನ್ನೊಂದು ಹೆಜ್ಜೆ ಹತ್ತಿರ ಹೋಗಿ ಪಕ್ಕೆಯ ಗೆರೆಗಳನ್ನು ನೋಡಿದಳು. ಆಮೇಲೆ, "ಎಷ್ಟು ತೆಳ್ಳಗಾಗ್ಬಿಟ್ಟಿದಾರೆ ಕಣೋ. ನಂಗೆ ಗೊತ್ತೇ ಆಗಿರ್ಲಿಲ್ಲ." ಕೊನೆಗೆ ತರಕಾರಿ ಅಂಗಡಿಯಲ್ಲಿ ಮಾತಾಡುವಷ್ಟೇ ಸಹಜವಾಗಿ ಹೇಳಿದಳು: "ಮದ್ವೆಯಾಗಿ ನಲವತ್ತೆಂಟು ವರ್ಷ ಆಯ್ತು. ಬೆಳಕಲ್ಲಿ ನೋಡ್ತಿರೋದು ಈಗ್ಲೇ."

ನಾನು ಬೆಚ್ಚಿಬಿದ್ದದ್ದು ಎಷ್ಟೆಂದರೆ ಕಾವಲಿನವನು ಸ್ಟೂಲಿನಿಂದ ಎದ್ದು ನಿಂತ. ತಂದೆಯನ್ನು ಆ ಸ್ಥಿತಿಯಲ್ಲಿ ನೋಡಿದ್ದನ್ನಾದರೂ ಮುಂದೊಂದು ದಿನ ಮರೆಯಬಹುದು. ತಾಯಿಯ ಬಾಯಿಂದ ಈ ಮಾತು ಕೇಳಿಸಿಕೊಂಡದ್ದನ್ನು ಯಾವ ಮಗ ಮರೆಯುತ್ತಾನೆ? ಅಮ್ಮನಿಗೆ ನನ್ನ ಪರಿವೆಯೇ ಇರಲಿಲ್ಲ. ವಾಪಸು ಬರುವಾಗ ಆಟೋದ ಸದ್ದಿನ ನಡುವೆ ಅವಳು ಹೇಳಿದಳು: "ರಿಟೈರಾಗಿ ಹದಿನಾಲ್ಕು ವರ್ಷ. ಅವರನ್ನ ಯಾರು ನೋಡಿದಾರೋ? ನಾನು ಒಲೆ ನೋಡ್ತೀನಿ. ನೀನು ಪೇಪರ್ ನೋಡ್ತೀಯ. ಅಲ್ಲಿ ಹದಿನೆಂಟು ಮಕ್ಕಳು ಮೂರು ಗಂಟೆ ಹೊತ್ತು ಕಣ್ಣು ಕೀಳದೆ ನೋಡ್ತಾರಂತೆ. ಶನಿವಾರ ಬಂದ್ರೆ ಎಷ್ಟು ಹುರುಪಾಗಿ ಹೋಗ್ತಿದ್ರು, ಅದೂ ನಿಂಗೆ ಕಾಣ್ಲಿಲ್ಲ." ಮೀಟರು ನೋಡುತ್ತ ಕೂತೆ.

ಆ ಶನಿವಾರ ಅಪ್ಪ ಹೋಗಲಿಲ್ಲ. ಮುಂದಿನ ಶನಿವಾರವೂ ಹೋಗಲಿಲ್ಲ. ಯಾರ ಮೇಲೂ ಕೋಪವಿಲ್ಲ, ಮಾತು ಬಿಟ್ಟಿಲ್ಲ, ಊಟಕ್ಕೆ ಕರೆದರೆ ಬರುತ್ತಿದ್ದರು. ಆದರೆ ಬೆಳಗಿನ ಕಸರತ್ತು ನಿಂತಿತು. ಕುರ್ಚಿಯಲ್ಲಿ ಕೂತರೆ ಬೆನ್ನು ಬಾಗಿಸಿ ಕೂರುತ್ತಿದ್ದರು. ನನ್ನ ಜೀವಮಾನದಲ್ಲಿ ನಾನು ಅಪ್ಪನ ಬಾಗಿದ ಬೆನ್ನು ನೋಡಿರಲಿಲ್ಲ. ಒಂದು ದಿನ ಹಾಲಿನ ಬೂತಿನಲ್ಲಿ ಯಾರೋ ಅವರನ್ನು ಸರಿಸಿಕೊಂಡು ಮುಂದೆ ಹೋದರಂತೆ, ಇವರು ಏನೂ ಅನ್ನಲಿಲ್ಲವಂತೆ. ಅಮ್ಮ ಅದನ್ನು ನನಗೆ ಹೇಳಲಿಲ್ಲ. ನನಗೆ ಕೇಳುವ ಹಾಗೆ ನಳಿನಿಗೆ ಹೇಳಿದಳು.

ಆ ಎರಡನೆಯ ಶನಿವಾರದ ಮಾರನೆಯ ದಿನ, ಭಾನುವಾರ, ಗೇಟು ಸದ್ದಾಯಿತು. ನೋಡಿದರೆ ನಾಗಭೂಷಣ, ಜೊತೆಗೆ ಅಂಬಿಕಾ. ಶಾಲೆಯ ರಿಜಿಸ್ಟರಿನಿಂದ ಮೇಷ್ಟರ ವಿಳಾಸ ಹುಡುಕಿಕೊಂಡು ಬಂದಿದ್ದರು. ಅದು ನನ್ನ ಮನೆಯೆಂದು ಇಬ್ಬರಿಗೂ ಗೊತ್ತಿರಲಿಲ್ಲ. ನಾಗಭೂಷಣ ನನ್ನನ್ನು ನೋಡಿ "ಅರೆ, ನೀವಿಲ್ಲಿ!" ಎನ್ನುವಷ್ಟರಲ್ಲಿ ಒಳಗಿನಿಂದ ಅಪ್ಪ ಬಂದರು. ಜುಬ್ಬ, ಪಂಚೆ, ಹೆಗಲಿಗೆ ಶಾಲು, ಎಲ್ಲವೂ ಇತ್ತು. ನಾಗಭೂಷಣ ಕೈಮುಗಿದು, "ನಮಸ್ಕಾರ... ತಮ್ಮನ್ನ ಎಲ್ಲೋ ನೋಡಿದ..." ಎಂದವರು ಅಲ್ಲೇ ನಿಂತರು. ಎಲ್ಲಿ ನೋಡಿದ್ದೆಂದು ಹೊಳೆದಿತ್ತು. ಅವರ ಮುಖ ಕೆಂಪಾಗಿ, ಕಣ್ಣು ಅಪ್ಪನ ಹಣೆಯಿಂದ ಕೆಳಗೆ ಇಳಿಯದ ಹಾಗೆ ನೋಡಿಕೊಳ್ಳುತ್ತ ಕೂತರು. ಆಮೇಲೆ ನನ್ನ ಮೂಗು ನೋಡಿದರು. ಆಮೇಲೆ ನೆಲ ನೋಡಿದರು. ಪಾಪ, ಅವರೂ ನನ್ನ ಜಾತಿಯವರೇ ಎಂದು ನನಗೆ ಆ ಮನುಷ್ಯನ ಮೇಲೆ ಪ್ರೀತಿ ಹುಟ್ಟಿತು.

ಅಂಬಿಕಾಗೆ ಇದಾವುದೂ ಇರಲಿಲ್ಲ. ಇಪ್ಪತ್ತೆರಡು ವರ್ಷದ, ಬೆರಳಿಗೆಲ್ಲ ಇದ್ದಿಲಿನ ಮಸಿ ಮೆತ್ತಿಕೊಂಡ ಹುಡುಗಿ. "ಮೇಷ್ಟ್ರೇ, ಯಾಕ್ ಬರ್ಲಿಲ್ಲ? ಹುಷಾರಿಲ್ವಾ? ಇನ್ನು ಹತ್ತೇ ದಿನಕ್ಕೆ ಪರೀಕ್ಷೆ. ನಿಮ್ಮನ್ನೇ ಬರ್ದು ಅಭ್ಯಾಸ ಆಗಿದೆ, ಬೇರೆಯವ್ರು ಬಂದ್ರೆ ಎಲ್ಲಾ ಫೇಲು" ಎಂದಳು.

ಅಪ್ಪ ನನ್ನ ಕಡೆ ನೋಡಲೂ ಇಲ್ಲ. "ಮನೇಲಿ ಇಷ್ಟ ಇಲ್ಲಮ್ಮ. ನಿಮ್ ಮೇಷ್ಟ್ರಿಗೆ ಬೇರೆ ಯಾರ್ನಾದ್ರೂ ನೋಡ್ಕೊಳಕ್ಕೆ ಹೇಳು" ಎಂದು ಹೇಳಿ, ಕಾಫಿ ಕುಡಿದು ಹೋಗಬೇಕೆಂದು ಒತ್ತಾಯಮಾಡಿ ಒಳಗೆ ಹೋದರು. ಮನೆಯಲ್ಲಿ ಯಾರಿಗೆ ಇಷ್ಟವಿಲ್ಲವೆಂದು ಯಾರೂ ಕೇಳಲಿಲ್ಲ. ಎಲ್ಲರೂ ನನ್ನನ್ನೇ ನೋಡಿದರು.

ಮುಂದಿನ ಶನಿವಾರ ಅಮ್ಮ ನನ್ನನ್ನು ಶಾಲೆಗೆ ಅಟ್ಟಿದಳು. "ಬರಲ್ಲ ಅಂತ ನೀನೇ ಹೋಗಿ ಮುಖ ಕೊಟ್ಟು ಹೇಳಿ ಬಾ. ಬಾಯಿ ಬಿಟ್ಟು ಬೈದವನು ನೀನು ತಾನೆ" ಎಂದಳು. ಸ್ಕೂಟರು ನಿಲ್ಲಿಸಿ ಹೆಲ್ಮೆಟ್ಟು ಕೈಯಲ್ಲಿ ಹಿಡಿದು ಒಳಗೆ ಹೋದೆ. ಹದಿನೆಂಟು ಜನ ಹಲಗೆಗಳ ಮುಂದೆ ಸುತ್ತ ಕೂತಿದ್ದರು. ನಡುವೆ ಖಾಲಿ ಮರದ ಕಟ್ಟೆ, ಪಕ್ಕದಲ್ಲಿ ಒಂದು ಹೀಟರು, ಮೂಲೆಯಲ್ಲಿ ಒಂದು ಪರದೆ. ಪಾಠ ಹೇಳುವವರು ಗಡ್ಡ, ಜುಬ್ಬ, ಕೆಂಪು ಕಣ್ಣಿನವರಿರಬೇಕೆಂದು ಲೆಕ್ಕ ಹಾಕಿಕೊಂಡು, ಬೈಯುವುದಕ್ಕೆ ನಾಲ್ಕು ಮಾತು ಕಟ್ಟಿಕೊಂಡು ಹೋಗಿದ್ದೆ. ನೋಡಿದರೆ ಇಸ್ತ್ರಿ ಮಾಡಿದ ಬಿಳಿ ಷರಟು, ಜೇಬಿನಲ್ಲಿ ಪೆನ್ನು, ಥೇಟ್ ನಮ್ಮ ಆಫೀಸಿನವರಂತಿದ್ದ ಮನುಷ್ಯ. ಅವರ ಮುಂದೆ ಆ ಮಾತುಗಳು ಹೊರಡಲಿಲ್ಲ.

ನಾನು ಯಾರೆಂದು ಹೇಳಿದ ಕೂಡಲೇ ಅವರ ಮುಖ ಅರಳಿತು. "ಮೇಷ್ಟ್ರ ಮಗನಾ! ಒಳ್ಳೇ ಹೊತ್ತಿಗೆ ಬಂದ್ರಿ. ಗುರುವಾರ ಪರೀಕ್ಷೆ, ಇವತ್ತು ಅಭ್ಯಾಸಕ್ಕೆ ಯಾರೂ ಸಿಕ್ಕಿಲ್ಲ. ನೀವೇ ಯಾಕೆ ನಿಲ್ಬಾರ್ದು ಸಾರ್? ಪರದೆ ಅಲ್ಲಿದೆ."

ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಆಮೇಲೆ ಹೊರಟಿತು ನೋಡಿ ನನ್ನ ಭಾಷಣ. ನಾನು ಎಂಥ ಕಚೇರಿಯಲ್ಲಿ ಎಂಥ ಹುದ್ದೆಯಲ್ಲಿದ್ದೇನೆ, ನನಗೊಂದು ಸಂಸಾರವಿದೆ, ಮರ್ಯಾದೆಯಿದೆ, ಕಲೆಯ ಮೇಲೆ ಗೌರವವಿದೆ, ಆದರೆ ಗೌರವವನ್ನು ಬಟ್ಟೆ ಹಾಕಿಕೊಂಡೇ ತೋರಿಸಬಲ್ಲೆ, ಎಷ್ಟು ಕೇಳಿಕೊಂಡರೂ, ಕಾಲು ಹಿಡಿದರೂ ಸಾಧ್ಯವಿಲ್ಲ ಎಂದೆಲ್ಲ ಹತ್ತು ನಿಮಿಷ ಮಾತಾಡಿದೆ. ಯಾರೂ ಅಡ್ಡ ಬಾಯಿ ಹಾಕಲಿಲ್ಲ. ಅಷ್ಟು ಹೊತ್ತೂ ಆ ಹದಿನೆಂಟು ಜನ ಕಣ್ಣು ಕಿರಿದುಮಾಡಿಕೊಂಡು ನನ್ನನ್ನು ಮೇಲಿಂದ ಕೆಳಗೆ ನೋಡುತ್ತಿದ್ದರು. ನನ್ನ ಮಾತು ಮುಗಿದ ಮೇಲೆ ಅಂಬಿಕಾ ಎದ್ದು ನಿಂತಳು.

"ಸಾರ್, ಬೇಡ ಸಾರ್. ಅಂಕಲ್, ಬೇಜಾರ್ ಮಾಡ್ಕೋಬೇಡಿ. ಮೇಷ್ಟ್ರಲ್ಲಿ ಎಲ್ಲಾ ಕಾಣತ್ತೆ. ಭುಜದ ಮೂಳೆ, ಪಕ್ಕೆ, ಮಂಡಿಚಿಪ್ಪು, ಎಲ್ಲಾ. ನಿಮ್ಮಲ್ಲಿ... ಎಲ್ಲಾ ಮುಚ್ಚೋಗಿದೆ."

"ಒಂದೇ ಗೆರೇಲಿ ಮುಗ್ದೋಗತ್ತೆ ಸಾರ್" ಎಂದ ಹಿಂದಿನ ಸಾಲಿನ ಒಬ್ಬ, ಗಾಳಿಯಲ್ಲಿ ಬೆರಳಿನಿಂದ ಒಂದು ದೊಡ್ಡ ಸೊನ್ನೆ ಬರೆದು.

ನಾನು ಪ್ಯಾಂಟು, ಷರಟು, ಒಳಗೆ ಬನಿಯನ್ನು, ಮೇಲೊಂದು ಸ್ವೆಟರು ತೊಟ್ಟಿದ್ದೆ. ಮೂರು ವರ್ಷ ಮೈ ಬರೆದು ಬರೆದು ಈ ಜನಕ್ಕೆ ಅಷ್ಟು ಬಟ್ಟೆಯ ಮೇಲಿನಿಂದಲೇ ಎಲ್ಲ ಕಾಣುತ್ತದೆಂದು ಆಗ ತಿಳಿಯಿತು. ಹೆಲ್ಮೆಟ್ಟನ್ನು ಹೊಟ್ಟೆಗೆ ಅಡ್ಡ ಹಿಡಿದುಕೊಂಡೆ. "ಅಪ್ಪನ್ನ ಗುರುವಾರ ಕರ್ಕೊಂಡ್ ಬರ್ತೀನಿ" ಎಂದು ಹೇಳಿ ಹೊರಗೆ ಬಂದೆ. ಹೇಳಬೇಕೆಂದು ಹೋಗಿದ್ದದ್ದು ಅದಲ್ಲ.

ಮನೆಯಲ್ಲಿ ಅಪ್ಪ ವರಾಂಡದ ಕುರ್ಚಿಯಲ್ಲಿದ್ದರು. ಎದುರಿಗೆ ನಿಂತು, "ಗುರುವಾರ ಪರೀಕ್ಷೆಯಂತೆ. ನೀವು ಹೋಗ್ದಿದ್ರೆ ಆ ಮಕ್ಕಳು ಫೇಲಾಗ್ತಾರಂತೆ. ನಾನೇ ಕರ್ಕೊಂಡ್ ಹೋಗ್ತೀನಿ" ಅಂದೆ.

ಅಪ್ಪ ತಲೆಯೆತ್ತಿದರು. "ನಿನ್ನ ಮಾನ?"

"ಅವತ್ತು ಹಾಗನ್ನಬಾರದಿತ್ತು, ಅಪ್ಪ." ಇನ್ನೂ ಏನೇನೋ ಹೇಳಬೇಕೆಂದಿದ್ದೆ, ಹೆಲ್ಮೆಟ್ಟಿನ ಪಟ್ಟಿ ಎಳೆಯುತ್ತ ನಿಂತೆ. ಅಪ್ಪ ಸ್ವಲ್ಪ ಹೊತ್ತು ನನ್ನನ್ನೇ ನೋಡಿ, ಕುರ್ಚಿಯ ಕೈ ಹಿಡಿದು ಎದ್ದರು. ಎದ್ದವರು ನೆಟ್ಟಗೆ ನಿಂತರು. ಒಳಗೆ ಹೋಗಿ ಅಮ್ಮನಿಗೆ ಹೊಸ ಜನಿವಾರ ತೆಗೆದಿಡಲು ಹೇಳಿದ್ದು ಕೇಳಿಸಿತು.

ಗುರುವಾರ ಅರ್ಧ ದಿನ ರಜಾ ಹಾಕಿ ಅವರನ್ನು ಬಿಟ್ಟೆ. ಹೊರಗಿನ ಬೆಂಚಿನಲ್ಲಿ ಕಾಯುತ್ತಿದ್ದಾಗ ಒಳಗಿನಿಂದ ಕಾಗದದ ಮೇಲೆ ಇದ್ದಿಲು ಓಡುವ ಸದ್ದು ಬಿಟ್ಟರೆ ಬೇರೇನೂ ಕೇಳುತ್ತಿರಲಿಲ್ಲ. ಬಾಗಿಲು ಒಂದಿಷ್ಟು ತೆರೆದಿತ್ತು. ಇಣುಕಿದೆ. ಅಪ್ಪನ ಬೆನ್ನು ಕಂಡಿತು, ಸುತ್ತ ಆ ಹದಿನೆಂಟು ಮುಖಗಳು. ಒಬ್ಬ ಮನುಷ್ಯನನ್ನು ಅಷ್ಟು ಜನ ಅಷ್ಟು ಶ್ರದ್ಧೆಯಿಂದ ನೋಡುವುದನ್ನು ನಾನು ಎಲ್ಲಿಯೂ ಕಂಡಿಲ್ಲ. ಯಾರ ಮುಖದಲ್ಲೂ ನಗೆಯಿಲ್ಲ, ನಾಚಿಕೆಯಿಲ್ಲ. ಅಲ್ಲಿ ಮುಖ ಕೆಂಪಗಾಗಿದ್ದವನು ಬಾಗಿಲಾಚೆ ಇದ್ದ ನಾನೊಬ್ಬನೇ. ವಾಪಸು ಬಂದು ಬೆಂಚಿನಲ್ಲಿ ಕೂತು, ನಳಿನಿ ಹೇಳಿದ್ದ ಸಾಮಾನಿನ ಪಟ್ಟಿಯನ್ನು ಮೂರು ಸಲ ಓದಿದೆ.

ಸಂಜೆ ಅವರನ್ನು ಹಿಂದೆ ಕೂರಿಸಿಕೊಂಡು ಹೊರಟೆ. ಮೆಜೆಸ್ಟಿಕ್ ದಾಟಿ ಶೇಷಾದ್ರಿಪುರದ ಸಿಗ್ನಲ್ಲಿನಲ್ಲಿ ಸ್ಕೂಟರು ನಿಂತಾಗ ಅಪ್ಪ ಕಿವಿಯ ಹತ್ತಿರ ಬಗ್ಗಿ ಕೇಳಿದರು.

"ಶನಿವಾರ ನಿನ್ನೇ ನಿಲ್ಲು ಅಂದ್ರಂತೆ?"

"ಹೂಂ. ಬಹಳ ಬಲವಂತ ಮಾಡಿದ್ರು. ನಾನೇ ಆಗಲ್ಲ ಅಂತ ಖಡಾಖಂಡಿತವಾಗಿ ಹೇಳ್ಬಿಟ್ಟೆ."

ಹಸಿರು ದೀಪ ಬಂತು. ಗೇರು ಹಾಕಿ ನೂರು ಗಜ ಹೋಗಿರಬೇಕು, ಬೆನ್ನ ಹಿಂದಿನಿಂದ ಮೃದುವಾಗಿ ಕೇಳಿಸಿತು.

"ಆ ಮಗು ಬೇರೆ ಥರ ಹೇಳ್ತು."

ಅಲ್ಲಿಂದ ಮನೆಯವರೆಗೂ ನಾನು ಹಾರನ್ನು ಸ್ವಲ್ಪ ಹೆಚ್ಚಾಗಿಯೇ ಬಾರಿಸಿದೆ.

ಮಕ್ಕಳೆಲ್ಲ ಪಾಸಾದರು. ಹೊಸ ತರಗತಿ ಬಂತು. ಅದಾದ ಮೇಲೆ ಮೂರು ವರ್ಷ, ಅಪ್ಪನಿಗೆ ನಿಲ್ಲಲು ಆಗುವವರೆಗೂ, ಪ್ರತಿ ಶನಿವಾರ ನಾನೇ ಬಿಟ್ಟು ಕರೆದುಕೊಂಡು ಬರುತ್ತಿದ್ದೆ. ಬಿಟ್ಟು ಸುಮ್ಮನೆ ಬರಬಹುದಿತ್ತು. ಆದರೆ ತರಗತಿಯ ಬಾಗಿಲಿನವರೆಗೂ ಹೋಗಿ, ಆ ಬಿಳಿ ಷರಟಿನ ಮೇಷ್ಟರಿಗೆ ನಮಸ್ಕಾರ ಹೇಳಿ, ಉಸಿರು ಒಳಗೆಳೆದು ಹೊಟ್ಟೆ ಬಿಗಿಹಿಡಿದು, ಒಂದೆರಡು ನಿಮಿಷ ಬೆಳಕಿನ ಕಡೆಗೆ ತಿರುಗಿ ನಿಂತೇ ಹೊರಡುತ್ತಿದ್ದೆ. ಕೇಳಿದ್ದರೆ ಖಂಡಿತ ಒಪ್ಪುತ್ತಿರಲಿಲ್ಲ. ಆದರೆ ಆ ಮನುಷ್ಯ ಮೂರು ವರ್ಷದಲ್ಲಿ ಇನ್ನೊಮ್ಮೆ ಕೇಳಲೇ ಇಲ್ಲವಲ್ಲ!